ಸಾವ್ಕಾರ್ರ ಲೆಕ್ಕಕ್ಕೆ

"ಹರಿಹರಕ್ಕೆ ಒಂದು. ಬಕ್ಕೇಶಣ್ಣಾರ ಲೆಕ್ಕಕ್ಕೆ ಬರ್ಕೊಳ್ರಿ."

ಹೇಳಿಬಿಟ್ಟ ಮೇಲೆ ಶಾಂತಕುಮಾರಿಗೆ ತಾನು ನಿಂತಿರುವುದು ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಂಡಿಯ ಮುಂದೆ ಎಂಬುದು ಹೊಳೆಯಿತು. ಅಭ್ಯಾಸಬಲ. ಕಿಂಡಿಯೊಳಗಿನವನು ಅವಳ ರೇಷ್ಮೆ ಸೀರೆ ನೋಡಿದ, ಕೊರಳಿನ ಸರ ನೋಡಿದ.

"ಯಾವ ಬಕ್ಕೇಶಣ್ಣ?" ಎಂದ.

ಅವಳಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ತನ್ನ ಗಂಡನ ಹೆಸರು ಗೊತ್ತಿಲ್ಲದವನೊಬ್ಬ ದಾವಣಗೆರೆಯಲ್ಲಿದ್ದಾನೆ ಎಂದರೆ ಊರು ಜಿಲ್ಲೆಯಾದದ್ದು ಸಾರ್ಥಕ. ಹಿಂದೆ ನಿಂತವರು ಗೊಣಗತೊಡಗಿದ್ದರಿಂದ ನಗುತ್ತಲೇ ಈಚೆ ಬಂದಳು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ಹೆಂಗಸಿನ ಹತ್ತಿರ ರೈಲಿನ ಚಾರ್ಜಿಗೆ ಕಾಸಿರಲಿಲ್ಲ. ಬಡತನದ ಮಾತೇ ಇಲ್ಲ. ಪಿ.ಜೆ. ಬಡಾವಣೆಯ ಯಾವ ಅಂಗಡಿಗೆ ಹೋದರೂ "ಬರ್ರಿ ಅಮ್ಮಾರ, ಕೂಡ್ರಿ" ಎನ್ನುತ್ತಿದ್ದರು. ಸೀರೆ, ಔಷಧಿ, ಬೆಣ್ಣೆ ದೋಸೆ, ಕೊನೆಗೆ ಹೂ ಮಾರುವ ಭೀಮವ್ವನ ಮೊಳ ಮಲ್ಲಿಗೆ ಕೂಡ ಸಾವ್ಕಾರ್ರ ಲೆಕ್ಕಕ್ಕೆ. ಮಂಡಿ ವ್ಯಾಪಾರದ ಬಕ್ಕೇಶ್ ತಿಂಗಳ ಕೊನೆಗೆ ಎಲ್ಲ ಚುಕ್ತಾ ಮಾಡುತ್ತಿದ್ದ. ಮದುವೆಯ ಹೊಸತರಲ್ಲಿ ಒಮ್ಮೆ ಅವಳು ಕೈಖರ್ಚಿಗೆ ಕೇಳಿದ್ದಳು. "ರೊಕ್ಕ ಯಾಕ? ಇಡೀ ಊರೇ ನಿಂದೈತೆ, ಏನ್ ಬೇಕೋ ತಗೋ" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಎಂಥ ದೊಡ್ಡ ಮನಸ್ಸು ಎಂದು ತವರಿನವರು ಕೊಂಡಾಡಿದ್ದರು.

ಊರು ಅವಳದೇ. ಆದರೆ ಸಂಜೆಯಾದರೆ ಆ ಊರು ಅವನಿಗೆ ವರದಿ ಒಪ್ಪಿಸುತ್ತಿತ್ತು. "ಇವತ್ತು ಅರ್ಧ ದೋಸೆ ಬಿಟ್ಯಂತೆ, ಮೈಯಾಗ ಹುಷಾರಿಲ್ಲೇನು?" ಎಂದು ಊಟಕ್ಕೆ ಕೂತಾಗ ಪ್ರೀತಿಯಿಂದ ಕೇಳುತ್ತಿದ್ದ. ಅವನು ಒಂದು ದಿನವೂ ಕೈ ಎತ್ತಿದವನಲ್ಲ. ತನಗೆ ಉಸಿರು ಕಟ್ಟುತ್ತದೆ ಎಂದು ಯಾರಿಗೆ ಹೇಳುವುದು? ಉಂಡ ಮನೆಯ ಜಂತೆ ಎಣಿಸಿದಳು ಎಂದಾರು.

ಅದಕ್ಕೇ ಹರಿಹರ. ಅಲ್ಲಿನ ಖಾಸಗಿ ಕಾಲೇಜೊಂದಕ್ಕೆ ಉಪನ್ಯಾಸಕರು ಬೇಕಾಗಿದ್ದರು, ಇವತ್ತು ಸಂದರ್ಶನ. ಗಂಡನಿಗೆ ಹೇಳಿರಲಿಲ್ಲ. ಸಂಬಳ ಎಷ್ಟೇ ಇರಲಿ, ಅದು ತನ್ನ ಪರ್ಸಿನಲ್ಲಿರಬೇಕು; ಅದರಲ್ಲಿ ಒಂದು ದೋಸೆ ತಿಂದರೆ ಯಾರಿಗೂ ಗೊತ್ತಾಗಬಾರದು. ಅವಳ ಕ್ರಾಂತಿ ಅಷ್ಟೇ.

ಸ್ಟೇಷನ್ನಿನ ಹೊರಗೆ ಖುದ್ದೂಸನ ಆಟೋ ನಿಂತಿತ್ತು. ಅದೂ ತಿಂಗಳ ಲೆಕ್ಕದ್ದೇ.

"ಎಲ್ಲಿಗ್ರಿ ಅಮ್ಮಾರ?"

"ಹರಿಹರ."

"ಅಷ್ಟು ದೂರ? ಸಾವ್ಕಾರ್ರಿಗೆ ಗೊತ್ತೈತಾ?"

"ಸಂಜೆ ನೀನೇ ಹೇಳ್ತೀಯಲ್ಲ."

ಖುದ್ದೂಸ್ ನಕ್ಕ. ಒಳ್ಳೆಯ ಮನುಷ್ಯ. ದಾವಣಗೆರೆಯಲ್ಲಿ ಎಲ್ಲರೂ ಒಳ್ಳೆಯವರೇ. ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಅವಳು ಕಾಲೇಜಿನ ದಿನಗಳ ಯಾವುದೋ ಹಾಡು ಗುನುಗಿದಳು. ಸಂಜೆ ಆಗುವುದು ಆಗಲಿ.

ಕಾಲೇಜಿನ ಕಾರ್ಯದರ್ಶಿ ವಾಮದೇವಪ್ಪನವರು ಅರ್ಜಿ ನೋಡಿ, "ಮಂಡಿ ಬಕ್ಕೇಶಣ್ಣಾರ ಮನೆಯವ್ರಾ?" ಎಂದರು. ಅವಳು ಅಂಕಪಟ್ಟಿಯನ್ನು ಅವರ ಮುಂದೆ ಸರಿಸಿದಳು. ಅರ್ಥಶಾಸ್ತ್ರದಲ್ಲಿ ಬೇಡಿಕೆ ಎಂದರೇನು ಎಂದು ಅವರು ಕೇಳಿದರು.

"ಬರೀ ಆಸೆ ಬೇಡಿಕೆ ಅಲ್ಲ ಸರ್. ಜೊತೆಗೆ ಕೊಳ್ಳೋ ಶಕ್ತಿ ಇರಬೇಕು. ಕೈಯಲ್ಲಿ ಕಾಸಿಲ್ಲದವರು ಎಷ್ಟೇ ಆಸೆಪಟ್ಟರೂ ಅರ್ಥಶಾಸ್ತ್ರ ಅವರನ್ನ ಗಣನೆಗೇ ತಗೊಳ್ಳಲ್ಲ."

ವಾಮದೇವಪ್ಪನವರು ತಲೆದೂಗಿದರು. ಹೊರಗೆ ಕೂರಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಕರೆದು ಪೇಡಾ ಮುಂದಿಟ್ಟರು.

"ಕೆಲಸ ನಿಮಗೇ ರೀ."

ಅವಳ ಕಣ್ಣು ತುಂಬಿತು. ಇಷ್ಟು ಸಂತೋಷವಾಗಿ ವರ್ಷಗಳೇ ಆಗಿದ್ದವು.

"ಈಗ ಬಕ್ಕೇಶಣ್ಣಾರಿಗೆ ಫೋನ್ ಮಾಡಿದ್ದೆ. ಏನ್ ದೊಡ್ಡ ಮನಸ್ಸು ರೀ ಅವರ್ದು. ನಮ್ಮ ಮನೆಯವ್ರಿಗೆ ಸಂಬಳ ಬ್ಯಾಡ್ರಿ, ಕಟ್ಟಡದ ಫಂಡಿಗೆ ಹಾಕ್ಕೊಳ್ರಿ ಅಂದ್ರು."

"ಯಾರ ಸಂಬಳ?"

"ನಿಮ್ದೇ ರೀ. ಹೊಸ ಕೊಠಡಿಗೆ ಅವರ ಹೆಸರು ಹಾಕಸ್ತೀವಿ."

"ನಾನು ಒಪ್ಪಿಲ್ಲ."

"ಇನ್ನೊಂದು ಪೇಡಾ ತಗೊಳ್ರಿ."

ತಗೊಂಡಳು. ಯಾಕೆ ತಗೊಂಡೆ ಎಂದು ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯಿತು.

"ಮನಿಗೇನ್ರಿ?" ಖುದ್ದೂಸ್ ಕೇಳಿದ.

"ಹೊಳೆಗೆ. ಕಾಲು ತೊಳ್ಕೊಂಡು ಬರ್ತೀನಿ."

ಮಳೆ ಇನ್ನೂ ಹಿಡಿದಿರಲಿಲ್ಲ. ತುಂಗಭದ್ರೆ ಸೊರಗಿ ಮರಳು ಎದ್ದಿತ್ತು. ಚಪ್ಪಲಿ ಬಿಟ್ಟು ರೈಲು ಸೇತುವೆಯ ಕೆಳಗೆ ನಿಂತಳು. ಮೇಲೆ ರೈಲು ಬಂತು. ಕಿಟಕಿಗಳಿಂದ ಕೈಗಳು ಹೊರಚಾಚಿದವು, ಹೊಳೆ ದಾಟುವಾಗ ಗಂಗಮ್ಮನಿಗೆ ಕಾಸು ಹಾಕುವವರ ಕೈಗಳು. ಎಷ್ಟು ಸಲೀಸಾಗಿ ಎಸೆಯುತ್ತಾರೆ ಎಂದು ಬೆರಗಾದಳು. ಹೆಚ್ಚಿನವು ನೀರು ಸೇರಿದವು. ಒಂದು ನಾಣ್ಯ ಮಾತ್ರ ಅವಳ ಹತ್ತಿರದ ಮರಳಿಗೆ ಬಿತ್ತು.

ಶಾಂತಕುಮಾರಿ ಅತ್ತಿತ್ತ ನೋಡಿ, ಮೆಲ್ಲಗೆ ಸರಿದು ಅದರ ಮೇಲೆ ಕಾಲಿಟ್ಟಳು. ಅಂಗಾಲಿಗೆ ದುಂಡಗೆ, ಗಟ್ಟಿಯಾಗಿ ಹತ್ತಿತು.

"ಹೋಗಾಣೇನ್ರಿ ಅಮ್ಮಾರ?" ಖುದ್ದೂಸ್ ದಡದಿಂದ ಕೂಗಿದ.

"ಬಂದೆ" ಎಂದಳು, ನಗುತ್ತ.

ಬಗ್ಗಿದರೆ ಅವನು ನೋಡುತ್ತಾನೆ. ಕಾಲೆತ್ತಿದರೆ ಕಾಸು ಕಾಣುತ್ತದೆ. ಮುಂದಿನ ರೈಲು ಬಂದಾಗಲೂ ಅವಳು ಅಲ್ಲೇ ಇದ್ದಳು, ರೇಷ್ಮೆ ಸೀರೆಯಲ್ಲಿ, ಆ ಒಂದು ಕಾಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟುಕೊಂಡು.