ಅಳಿಯ ತಂದ ನಾಲ್ಕು ಚಕ್ರ

ಅಗೋ ಮತ್ತೆ, ಎಡಗಡೆ ಮುಂದಿನ ಚಕ್ರದಲ್ಲಿ, ಟಿಕ್ – ಆಮೇಲೆ ಏನೂ ಇಲ್ಲ, ಕಲ್ಲಿರಬೇಕು, ಟೈರಿನ ಗೀರಿನಲ್ಲಿ ಕಲ್ಲು ಸಿಕ್ಕಿಕೊಂಡರೆ ಹೀಗೇ ಸದ್ದು ಬರುವುದು, ಹಳೇ ಟೈರುಗಳಲ್ಲಿ ಗೀರೇ ಉಳಿದಿರಲಿಲ್ಲ, ಕಲ್ಲು ಸಿಕ್ಕಿಕೊಳ್ಳುವುದೆಲ್ಲಿ ಬಂತು, ಈ ಅಲಾಯ್ ಚಕ್ರಗಳೂ ಹೊಸವೇನಲ್ಲ, ಮ್ಜೂಜು ಪೇಟೆಯ ಗುಜರಿಯಲ್ಲಿ ಮಗುಚಿಬಿದ್ದ ಯಾವನದೋ ಗಾಡಿಯಿಂದ ಕಳಚಿದ್ದು, ಆದರೂ ವೆಡ್ಸನ್ ಮ್ಸಿಸ್ಕನ ಮೂವತ್ತು ವರ್ಷದ ಪಿಕಪ್ಪಿನ ಮುಂದೆ ಇವು ನಿನ್ನೆ ಹುಟ್ಟಿದ ಕೂಸು, ಬೆಳ್ಳಗೆ ಹೊಳೆಯುತ್ತವೆ, ಮುದುಕನಿಗೆ ಮದುವೆಯ ಬೂಟು ಹಾಕಿದ ಹಾಗೆ, ಎಂದು ಬೆಳಿಗ್ಗೆ ಚರ್ಚಿನ ಹೆಂಗಸರು ನಕ್ಕರಲ್ಲ, ನಗಲಿ, ಅಳಿಯ ಲುಂಬಾನಿ ತಂದದ್ದು, ಕೇಳದೆಯೇ ತಂದದ್ದು, ತಂದು ಅಂಗಳದಲ್ಲಿಟ್ಟು, ಜೊತೆಗೆ ನಟ್ಟುಗಳ ಒಂದು ಪ್ಲಾಸ್ಟಿಕ್ ಚೀಲವನ್ನು ಜಾಕಿನ ಪಕ್ಕ ಇಟ್ಟು, ಮಾವಿನ ಮರದಡಿ ಹೋಗಿ ಕೂತ, ಕಣ್ಣೆತ್ತಿ ನೋಡಲಿಲ್ಲ, ನೋಡುವುದೂ ಇಲ್ಲ, ಅಳಿಯನಾದವನು ಮಾವನಿಗೆ ಎದುರು ನಿಂತು ಹೀಗಲ್ಲ ಹಾಗೆ ಎನ್ನುವುದುಂಟೇ, ತಾನೂ ತನ್ನ ಮಾವನ ಎದುರು ಹನ್ನೊಂದು ವರ್ಷ ನೆಲ ನೋಡಿಕೊಂಡೇ ಮಾತಾಡಿದವನು, ಅದಕ್ಕೇ ಮಾತು ಸುತ್ತು ಹಾಕಿಕೊಂಡು ಬಂತು, ಅವನು ಹೆಂಡತಿ ತೆಮ್ವಾಳಿಗೆ ಹೇಳಿ, ತೆಮ್ವಾ ತನ್ನಮ್ಮನಿಗೆ ಹೇಳಿ, ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ರೀ, ಆ ಚಕ್ರಕ್ಕೆ ಆ ಚೀಲದಲ್ಲಿರೋ ನಟ್ಟೇ ಆಗ್ಬೇಕಂತೆ, ಅಳಿಯಂದ್ರು ಹೇಳಿ ಕಳ್ಸಿದಾರೆ. ವೆಡ್ಸನ್ ಚೀಲದೊಳಗೆ ನೋಡಿದ, ನಟ್ಟುಗಳ ಮೂತಿ ಚಪ್ಪಟೆ, ಕುತ್ತಿಗೆಗೊಂದು ಬಿಲ್ಲೆ, ಆಟದ ಸಾಮಾನಿನಂತೆ, ತನ್ನವು ಬುಗುರಿಯಂತೆ ಚೂಪು ಮೂತಿಯವು, ಈ ಇಳಿಜಾರಿನ ಇಪ್ಪತ್ತು ತಿರುವನ್ನೂ ಸಾವಿರಾರು ಸಲ ಇಳಿದು ಹತ್ತಿದವು. ಹೋಗಿ ಹೇಳು, ಅವನು ಅವರಮ್ಮನ ಬೆನ್ನ ಮೇಲೆ ಇದ್ದಾಗ್ಲೇ ನಾನು ಚಕ್ರ ಬಿಗೀತಿದ್ದೆ, ಅಷ್ಟು ಹೇಳೋದಿದ್ರೆ ಚಕ್ರಕ್ಕೇ ಹೇಳ್ಲಿ. ಚೀಲವನ್ನು ಪಕ್ಕಕ್ಕೆ ತಳ್ಳಿ, ತನ್ನ ಹಳೇ ನಟ್ಟುಗಳನ್ನೇ ಹಾಕಿ ಬಿಗಿದ.

ಟಿಕ್. ಟಿಕ್. ಕಲ್ಲೇ, ಹಿಂದೆ ಹೆಂಗಸರು ಹಾಡುತ್ತಿದ್ದಾರೆ, ಹದಿನಾಲ್ಕು ಜನ, ಕೆಳಗೆ ಕೆರೆಯ ದಡದ ಚಿಟಿಂಬದಲ್ಲಿ ಮದುವೆ, ಊರು ಮುಟ್ಟುವ ಹೊತ್ತಿಗೆ ಗಂಟಲು ಕೂತಿರುತ್ತದೆ ನೋಡು ಇವರದು, ಅವರ ನಡುವೆ ಚಾಪೆ ಮಡಚಿ ಹಾಕಿಕೊಂಡು ಮಗಳು ತೆಮ್ವಾ, ಏಳು ತಿಂಗಳ ಬಸುರಿ, ಬರಬೇಡ ಎಂದರೆ ಕೇಳುವವಳಲ್ಲ, ಅವಳ ಪಕ್ಕದಲ್ಲೇ ಗಂಡ – ಸ್ಟೀರಿಂಗು ಕೈಯಲ್ಲಿ ಸಣ್ಣಗೆ ಅದುರುತ್ತಿದೆಯೇ, ರಸ್ತೆ ಹಾಗಿದೆ, ಮಳೆಗೆ ಕೊಚ್ಚಿಹೋದ ರಸ್ತೆ – ಗೆರೆ ಎಳೆದದ್ದಂತೂ ಎಳೆದಾಗಿದೆ, ಬೆಳಿಗ್ಗೆ ಬಿಗಿದ ಮೇಲೆ, ಬಿಳಿ ಬಣ್ಣ, ಒಂದೊಂದು ನಟ್ಟಿನ ನೆತ್ತಿಯಿಂದ ಚಕ್ರದ ಮೇಲಕ್ಕೆ ಒಂದೇ ಗೆರೆ, ಹಳೇ ಲಾರಿ ಡ್ರೈವರ್ ಜೈಲೋಸಿ ಕಲಿಸಿದ್ದು, ಹಲ್ಲಿಲ್ಲದ ಬಾಯಲ್ಲಿ ಕಡಲೆಬೀಜ ಜಜ್ಜುತ್ತ, ಹುಡುಗಾ, ಬಿಗಿದವನು ಸುಳ್ಳು ಹೇಳ್ತಾನೆ, ಗೆರೆ ಹೇಳಲ್ಲ, ಇಳಿಜಾರಿಗೆ ಮುಂಚೆ ಇಳಿದು ನೋಡು, ಗೆರೆ ಕೂಡಿದ್ರೆ ಊಟಕ್ಕೆ ಮನೆಗೆ ಹೋಗ್ತೀಯ. ಮೊದಲೆರಡು ವರ್ಷ ಇಳಿದು ನೋಡುತ್ತಿದ್ದ, ಗೆರೆ ಯಾವತ್ತೂ ಕೂಡಿಯೇ ಇತ್ತು, ಆಮೇಲೆ ಎಳೆಯುವುದು ಉಳಿಯಿತು, ನೋಡುವುದು ಬಿಟ್ಟುಹೋಯಿತು. ಈಗ ನಿಲ್ಲಿಸಿದರೆ ಹಾಡು ನಿಲ್ಲುತ್ತದೆ, ಏನಾಯ್ತು ಡ್ರೈವರಣ್ಣ ಎನ್ನುತ್ತಾರೆ, ಎಲ್ಲ ಕಣ್ಣೂ ಚಕ್ರದ ಮೇಲೆ, ಅಳಿಯ ನೆಲ ನೋಡುತ್ತ ನಿಲ್ಲುತ್ತಾನೆ, ನೆಲ ನೋಡಿಕೊಂಡೇ ಒಳಗೊಳಗೆ ನಗುತ್ತಾನೆ, ನಾನಾಗಿದ್ದರೆ ನಗುತ್ತಿದ್ದೆ, ಒಂದು ಕಲ್ಲಿಗಾಗಿ ಮರ್ಯಾದೆ ಕಳಕೊಳ್ಳುವುದೇ – ಟಿಕ್ ಟಿಕ್ ಟಿಕ್ – ಪಕ್ಕದ ಸೀಟಿನಲ್ಲಿ ಹೆಂಡತಿ ಮುಂದೆಯೇ ನೋಡುತ್ತ, ಯಾರಿಗೋ ಹೇಳುವಂತೆ, ಏನೋ ಸದ್ದು ಬರ್ತಿದೆ. ಕಲ್ಲು. ಕಲ್ಲಾ? ಕಲ್ಲೇ ಅಂದ್ನಲ್ಲ. ಎದುರಿಗೆ ರಸ್ತೆ ಮುಗಿದೇಹೋದಂತೆ ಆಕಾಶ, ಅದರ ಕೆಳಗೆ ನೀಲಿ ಕೆರೆ, ಮೊದಲ ತಿರುವು, ಇಲ್ಲಿಂದಾಚೆ ನಿಲ್ಲಿಸಲು ಜಾಗವಿಲ್ಲ, ಹೊರಬದಿಗೆ ತಡೆಗೋಡೆಯೂ ಇಲ್ಲ, ಏಳು ತಿಂಗಳು, ಜೈಲೋಸಿಯ ಬೋಳು ಬಾಯಿ, ಬಿಳಿ ಗೆರೆ, ಭಯವಾಯಿತು, ಹೌದು, ಭಯವೇ, ಅದಕ್ಕೇನು ಬೇರೆ ಹೆಸರು – ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಹಾಡು ನಿಂತಿತು. ಇಳಿದು ಮುಂದಿನಿಂದ ಸುತ್ತಿಬಂದು ಎಡಚಕ್ರದ ಮುಂದೆ ಮೊಣಕಾಲೂರಿದ, ಧೂಳು ಒರೆಸಿದ, ಆರು ನಟ್ಟು, ಒಂದು ಕಾಣಲೇ ಇಲ್ಲ, ಬೋಲ್ಟಷ್ಟೇ ಇತ್ತು, ಉಳಿದ ಐದನ್ನು ಬೆರಳಲ್ಲೇ ತಿರುಗಿಸಬಹುದಿತ್ತು, ಚೂಪು ಮೂತಿ ಅಗಲ ತೂತಿನ ಅಂಚನ್ನಷ್ಟೇ ಕಚ್ಚಿಕೊಂಡಿತ್ತು, ಇಷ್ಟು ಹೊತ್ತು, ಅಂಚನ್ನಷ್ಟೇ, ಮೇಲೆ ಹದಿನಾಲ್ಕು ಜನ, ಮಗಳು, ಮಗಳ ಹೊಟ್ಟೆ. ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತರು, ನೋಡಬೇಕಾಗಿರಲಿಲ್ಲ, ಅಳಿಯನ ಕೋಟಿನ ಜೇಬಿನಿಂದ ಪ್ಲಾಸ್ಟಿಕ್ಕಿನ ಸದ್ದು ಬಂತು, ಚೀಲ, ಹಾಗಾದರೆ ಹೊತ್ತೇ ತಂದಿದ್ದಾನೆ, ಹೇಳಲಾರದೆ, ಬಿಟ್ಟುಬರಲೂ ಆಗದೆ, ಚೀಲವನ್ನು ನೆಲದ ಮೇಲಿಟ್ಟು ಲುಂಬಾನಿ ನೆಲವನ್ನೇ ನೋಡುತ್ತಿದ್ದ, ನಗುತ್ತಿರಲಿಲ್ಲ. ಮಾವ ಅಳಿಯನ ಮುಖ ನೋಡಿದ, ಇದೇ ಮೊದಲು, ನೇರ ನೋಡಿದ. ನೀನೇ ಬಿಗಿಯಪ್ಪಾ. ನಾಲ್ಕೂ ಚಕ್ರ. ಜಾಕು ತರಲು ಏಳಬೇಕು, ಹೆಂಗಸರನ್ನು ಇಳಿಸಬೇಕು, ತೆಮ್ವಾಳನ್ನು ನೆರಳಿಗೆ ಕೂರಿಸಬೇಕು, ಏಳಬೇಕು, ಏಳಲಾಗುತ್ತಿಲ್ಲ, ಚಕ್ರದ ಮೇಲೆ ಅರ್ಧ ಗೆರೆ, ನಟ್ಟಿನ ಮೇಲೆ ಅರ್ಧ ಗೆರೆ, ಚಕ್ರದ ಮೇಲೆ ಅರ್ಧ, ನಟ್ಟಿನ ಮೇಲೆ ಅರ್ಧ.