ಮಗ್ಗದ ಗೋಡೆಯ ಮನೆ

ಶಹಾಪುರದಲ್ಲಿ ಮಗ್ಗದ ಶೆಡ್ಡಿಗೆ ಅಂಟಿಕೊಂಡ ಮನೆಗಳು ಅಗ್ಗಕ್ಕೆ ಮಾರಿಹೋಗಿದ್ದವು, ಹಿಂದಿನ ಓಣಿಯವು ದುಬಾರಿಗೆ. ರಾಯಪ್ಪ ಅದನ್ನೆಲ್ಲ ಮನೆ ಮನೆ ತಿರುಗಿ ವಿಚಾರಿಸಿಕೊಂಡೇ ಶೆಡ್ಡಿನ ಪಕ್ಕದ ಈ ಮನೆ ಕೊಳ್ಳಲು ಬಂದಿದ್ದ. "ನಾ ದರ ಕೇಳೂ ಮುಂದ ನೀ ಸಪ್ಪಳದ ತಕರಾರ ತಗಿ," ಎಂದು ಹೆಂಡತಿ ಸುವರ್ಣಾಳಿಗೆ ಹೇಳಿಕೊಟ್ಟಿದ್ದ.

ಮನೆಯೊಡತಿ ಅನ್ನವ್ವ ಚಹಾ ಮಾಡಲು ಒಳಗೆ ಹೋದಳು. ಸುವರ್ಣಾ ಶೆಡ್ಡಿನ ಕಡೆಯ ಗೋಡೆಗೆ ಒರಗಿ ಕೂತಳು. ಗೋಡೆ ಸಣ್ಣಗೆ ನಡುಗುತ್ತಿತ್ತು, ಖಟಖಟ, ಖಟಖಟ. ಚಿಕ್ಕವಳಿದ್ದಾಗ ಅವ್ವ ಮಗ್ಗದ ಪಕ್ಕದಲ್ಲೇ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. ಹತ್ತಿಯ ಎಳೆಗಳು ಬಿಸಿಲಲ್ಲಿ ತೇಲಿದವು, ಜೋಲಿ ತೂಗಿತು, ಅವ್ವನ ಕೈ ಹಣೆಗೆ ತಾಗಿತು.

ಕಣ್ಣು ಬಿಟ್ಟಾಗ ಚಹಾ ಆರಿತ್ತು. ರಾಯಪ್ಪ ತಲೆ ತಗ್ಗಿಸಿ ಕೂತಿದ್ದ.

"ಈ ಸಪ್ಪಳದಾಗ ಯಾರಿಗೂ ನಿದ್ದಿ ಹತ್ತೂದಿಲ್ಲ ಅಂತ ನಿನ್ನ ಗಂಡ ಹೇಳಾಕತ್ತಿದ್ದ," ಎಂದಳು ಅನ್ನವ್ವ. "ನಿನಗ ಎಚ್ಚರ ಆದೀತಂತ ಸಣ್ಣ ದನಿಲೆ ಹೇಳಿದ."