ಖೀಮನನ್ನು ಕರೆಸಿದ ಸಂಜೆ

ಕ್ಯಾಪ್ಟನ್ ಹಯಾತ್ ಸಿಂಗ್ ಬೋರಾ ಎದೆಗೆ ವೀರಚಕ್ರ ಸಿಕ್ಕಿಸಿಕೊಂಡು ಬಚುಲಿಯ ಅಂಗಳಕ್ಕೆ ಬಂದಾಗ ಬಿಸಿಲು ಇನ್ನೂ ದೇವದಾರುಗಳ ತುದಿಯಲ್ಲಿತ್ತು. ಪದಕ ತೊಡುವ ಮನಸ್ಸು ಅವನಿಗಿರಲಿಲ್ಲ. ಬಚುಲಿಯೇ ಹೇಳಿ ಕಳಿಸಿದ್ದಳು: “ಹಾಕ್ಕೊಂಡೇ ಬಾ ಸಾಬ್. ನನ್ನ ಖೀಮನೂ ನೋಡ್ಬೇಕಲ್ಲ.”

ಅವಳ ಮಗ, ಹಯಾತನ ತುಕಡಿಯ ಸಿಪಾಯಿ ಖೀಮ, ಯುದ್ಧದಲ್ಲಿ ಸತ್ತು ವರ್ಷವಾಗಿತ್ತು. ಇವತ್ತು ಅವನ ಆತ್ಮವನ್ನು ಕರೆಸುವ ಜಾಗರ್ ಪೂಜೆ. ಹುಡ್ಕಾ ಡೋಲು ಬಾರಿಸಿ ಕರೆಯುವವನು ಗುಸಾಯಿ ರಾಮ್. ಸತ್ತವರು ಮೈಮೇಲೆ ಬರುವುದು ಪಕ್ಕದ ಮನೆಯ ಪಾನ್ ಸಿಂಗನಿಗೆ. ಪೇಟೆಯವರು ಬೇಕಾದರೆ ನಗಲಿ. ಈ ಕುಮಾವೂಂ ಗುಡ್ಡಗಳಲ್ಲೇ ಹುಟ್ಟಿದ ಹಯಾತನಿಗೆ ನಗು ಬರುವಂತಿರಲಿಲ್ಲ.

“ಏನ್ ಸಾಬ್, ಬೆವರ್ತಾ ಇದೀರಿ?” ಪಾನ್ ಸಿಂಗ್ ಬೀಡಿ ಆರಿಸುತ್ತ ಕೆಣಕಿದ. “ಮಷಿನ್‌ಗನ್ನಿಗೇ ಹೆದರದವರು ಈ ಮುದುಕನಿಗೆ ಹೆದರೋದಾ!”

ಅಂಗಳವೆಲ್ಲ ನಕ್ಕಿತು. ಹಯಾತನೂ ನಕ್ಕಂತೆ ಮಾಡಿದ.

ಮಷಿನ್‌ಗನ್ನಿನ ಕಥೆ ಸುಳ್ಳಲ್ಲ. ಕಾಶ್ಮೀರದ ಆ ಇಳಿಜಾರಿನಲ್ಲಿ, ಹೆಗಲಿಗೆ ಗುಂಡು ಬಿದ್ದರೂ ನಿಲ್ಲದೆ, ಅವನೇ ಮುಂದೆ ನುಗ್ಗಿ ಶತ್ರುವಿನ ಬಂಕರಿಗೆ ಗ್ರೆನೇಡ್ ಎಸೆದಿದ್ದ. ದಿಲ್ಲಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಪದಕ ಕೊಟ್ಟರು. ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದು ಯಾರಿಗೂ ಗೊತ್ತಿಲ್ಲ. ತುಕಡಿ ಸದ್ದಿಲ್ಲದೆ ತೆವಳುತ್ತಿದ್ದಾಗ ಎಲ್ಲಿಂದಲೋ ಗುರಿಯಿಲ್ಲದೆ ಬಂದ ಗುಂಡು ಖೀಮನ ಹೊಟ್ಟೆ ಹೊಕ್ಕಿತು. “ಇಜಾ” ಎಂದು ಅಮ್ಮನನ್ನು ಕೂಗಲು ಅವನು ಬಾಯಿ ತೆರೆದ. ಕೂಗಿದ್ದರೆ ಶತ್ರುವಿಗೆ ಸುಳಿವು ಸಿಕ್ಕಿ ಎಲ್ಲರೂ ಹೆಣ. ಹಯಾತ್ ಅಂಗೈಯಿಂದ ಆ ಬಾಯಿ ಒತ್ತಿ ಹಿಡಿದ. ಬಿಸಿಯುಸಿರು ಕೈಗೆ ತಾಗುತ್ತ ತಾಗುತ್ತ ನಿಂತುಹೋಯಿತು. ಗುಂಡಿನಿಂದ ನಿಂತಿತೋ ಕೈಯಿಂದಲೋ, ಅವನಿಗೆ ಇವತ್ತಿಗೂ ತಿಳಿಯದು. ರೊಟ್ಟಿ ಮುರಿಯುವಾಗಲೂ ಆ ಅಂಗೈ ಬೆಚ್ಚಗಾಗುತ್ತದೆ.

ಬಚುಲಿಗೆ ಮಾತ್ರ, “ಗುಂಡು ತಾಗಿದ್ದೇ ಹೋಗಿಬಿಟ್ಟ” ಅಂದಿದ್ದ. ಅಂದಿನಿಂದ ಅವಳಿಗೆ ಒಂದೇ ಕೊರಗು: ಮಗ ಕೊನೆಗೆ ತನ್ನನ್ನು ಕರೆಯಲೂ ಇಲ್ಲವಲ್ಲ. ಇವತ್ತು ಅದನ್ನೇ ಕೇಳುತ್ತಾಳೆ. ಖೀಮ ಬಾಯಿ ಬಿಟ್ಟರೆ ಹಯಾತನ ಕೈಯೂ ಬಯಲಿಗೆ ಬರುತ್ತದೆ.

ಹುಡ್ಕಾ ಮೊಳಗಿತು. ಪಾನ್ ಸಿಂಗನ ಹೆಗಲು ನಡುಗಿ, ಮುದಿ ಕಾಲುಗಳು ಹುಡುಗನಂತೆ ಕುಣಿದವು. ಬಚುಲಿ ಅಕ್ಕಿಕಾಳು ಎರಚಿದಳು.

“ಮಗಾ, ಕೊನೇಲಿ ನನ್ನ ನೆನೆಸ್ಕೊಂಡ್ಯೇನೋ?”

ಪಾನ್ ಸಿಂಗನ ಬಾಯಿ ತೆರೆಯಿತು. ಮಾತು ಬರಲಿಲ್ಲ, ಬರೀ ಏದುಸಿರು.

“ಹೇಳಪ್ಪಾ, ಯಾರು ತಡೀತಿದಾರೆ?” ಗುಸಾಯಿ ರಾಮ್ ಕೇಳಿದ.

ಪಾನ್ ಸಿಂಗ್ ನೆಲಕ್ಕೆ ಬಿದ್ದ. ಹೊಟ್ಟೆಯ ಮೇಲೆ ತೆವಳುತ್ತ ಬಂದು ಹಯಾತನ ಬಲಗೈ ಹಿಡಿದು ತನ್ನ ಬಾಯಿಗೆ ಒತ್ತಿಕೊಂಡ.

“ನೋಡ್ರೇ, ಸಾಬರ ಕೈಗೆ ಮುತ್ತು ಕೊಡ್ತಿದಾನೆ!” ಹೆಂಗಸರು ಕಣ್ಣೊರೆಸಿಕೊಂಡರು.

ಸುಮ್ಮನಿದ್ದರೆ ಅದು ಮುತ್ತೆಂದೇ ಉಳಿಯುತ್ತಿತ್ತು. ಆದರೆ ಅಂಗೈಗೆ ತಾಗುತ್ತಿದ್ದುದು ಅದೇ ಉಸಿರು. ಈ ಸಲ ಹಯಾತ್ ಕೈ ಕಿತ್ತುಕೊಂಡ.

“ಇಜಾ!”

ಪಾನ್ ಸಿಂಗನ ಬಾಯಿಂದ ಹೊರಟ ಕೂಗು ಕಣಿವೆಗೆಲ್ಲ ಕೇಳಿಸಿತು. ಅವನು ಸೋತು ಅಲ್ಲೇ ಒರಗಿದ.

“ಕರೆದ! ನನ್ನ ಕರೆದ!” ಬಚುಲಿ ಅಳುತ್ತ ನಕ್ಕಳು.

“ಅವತ್ತೂ ಕರೆಯೋಕೆ ಹೊರಟಿದ್ದ, ಇಜಾ,” ಹಯಾತ್ ಹೇಳಿದ. “ನಾನೇ ಬಾಯಿ ಮುಚ್ಚಿದೆ. ಈ ಕೈಯಲ್ಲೇ.”

ಡೋಲು ನಿಂತಿತು. ಬಚುಲಿ ಹತ್ತಿರ ಬಂದಳು. ಪದಕದ ಕಡೆ ನೋಡಲಿಲ್ಲ. ಅವನ ಅಂಗೈ ಬಿಡಿಸಿ ತನ್ನ ಕಿವಿಗೆ ಒತ್ತಿಕೊಂಡಳು.

“ನನಗೆ ಬರಬೇಕಾಗಿದ್ದ ಕೂಗನ್ನ ವರ್ಷವೆಲ್ಲ ನೀನೊಬ್ಬನೇ ಇಟ್ಕೊಂಡ್ಯಲ್ಲೋ,” ಅಂದಳು.

ಬಹಳ ಹೊತ್ತು ಆ ಕೈ ಬಿಡಲಿಲ್ಲ.